ಕಾಲು ಮುಂದಾಗಿ ಹುಟ್ಟಿದವಳ ಹೆಗಲು

ಒಂದು ಬೆಳಗ್ಗೆ ಜಡೆ ಹಾಕಿಕೊಳ್ಳಲು ಬಲಗೈ ಎತ್ತಿದೆ. ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.

ನನ್ನ ತಲೆಗೆ ನನ್ನ ಕೈ ಬರಲಿಲ್ಲ.

ಅಳುವೂ ಬರಲಿಲ್ಲ. ಬಾಚಣಿಗೆ ಹಿಡಿದು ಹಾಗೇ ಕೂತಿದ್ದೆ. ಹೆಗಲು ವಾರಗಳಿಂದ ನೋಯುತ್ತಿತ್ತು. ಬೋರ್ಡಿನ ಮೇಲೆ ಬರೆದು ಬರೆದು ಹಿಡಿದುಕೊಂಡಿದೆ ಎಂದು ಮುಲಾಮು ತಿಕ್ಕಿಕೊಂಡು ಮದಲೂರಿನ ಶಾಲೆಗೆ ಪಾಠ ಮಾಡಲು ಹೋಗಿಬರುತ್ತಿದ್ದೆ. ಅತ್ತೆ ಬಂದು ಬಾಚಣಿಗೆ ಕಿತ್ತುಕೊಂಡು ಜಡೆ ಹಾಕಿದರು, ಹುಬ್ಬು ಮೇಲೇರುವಷ್ಟು ಬಿಗಿಯಾಗಿ.

ನಮ್ಮ ಕಡೆ ಒಂದು ನಂಬಿಕೆಯಿದೆ. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಒದ್ದರೆ ಉಳುಕು ಬಿಡುತ್ತದೆ. ನಾನು ಹಾಗೆ ಹುಟ್ಟಿದವಳು. ಸೊಂಟ ಹಿಡಿದವರು ಮನೆಗೆ ಬಂದು ಬೆನ್ನು ತೋರಿಸಿ ನಿಲ್ಲುತ್ತಾರೆ. ಮೆಲ್ಲಗೆ ಪಾದ ತಾಗಿಸಿ ಕಳಿಸುತ್ತೇನೆ. ನನಗೆ ನಂಬಿಕೆಯೇನಿಲ್ಲ, ಆದರೆ ಒದೆಸಿಕೊಂಡು ಕೈಮುಗಿದು ಹೋಗುವವರಿಗೆ ಇಲ್ಲ ಎನ್ನುವುದು ಹೇಗೆ? ಮದುವೆಯಾಗಿ ಬಂದ ವಾರವೇ ಅತ್ತೆಯನ್ನು ಒದ್ದ ಸೊಸೆ, ಅದೂ ಅವರೇ ಕೇಳಿಕೊಂಡ ಮೇಲೆ, ನಾನೊಬ್ಬಳೇ ಇರಬೇಕು.

"ನಿನ್ ಕಾಲು ನಿನ್ ಹೆಗಲಿಗೇ ಎಟುಕಲ್ವಲ್ಲ ಕಣಮ್ಮ," ಎಂದರು ಅತ್ತೆ. "ನಿಡುಗಲ್ಲಲ್ಲಿ ನಮ್ಮ ದೊಡ್ಡಮ್ಮನ ಮಗಳವ್ಳೆ. ಅವ್ಳೂ ನಿನ್ನಂಗೇ ಹುಟ್ಟಿದೋಳು."

ಬೇಡ ಎನ್ನುವ ಶಕ್ತಿ ಇರಲಿಲ್ಲ. ಹೋದೆವು. ಆ ಅಜ್ಜಿ ನನ್ನನ್ನು ನೆಲದ ಮೇಲೆ ಕೂರಿಸಿ, ಹೆಗಲಿಗೆ ಹಿಮ್ಮಡಿ ಇಟ್ಟು, ಮನಸಾರೆ ಒದ್ದರು. "ಅಯಿಪಾಯ ತಲ್ಲಿ, ಆಗೋಯ್ತು," ಎಂದರು ತೆಲುಗು ಬೆರೆಸಿ.

ನನಗೆ ಆಗ ಶುರುವಾಯಿತು.

ಆ ಮಗ್ಗುಲಿಗೆ ಮಲಗಲಾಗಲಿಲ್ಲ. ರವಿಕೆಯ ತೋಳಿಗೆ ಕೈ ತೂರಿಸಲಾಗಲಿಲ್ಲ. ಶಿರಾದಲ್ಲಿ ಡಾಕ್ಟರ್ ನನ್ನ ಕೈಯನ್ನು ಮೆಲ್ಲಗೆ ತಿರುಗಿಸಿ ನೋಡಿದರು. "ಯಾರಾದ್ರೂ ಎಳೆದ್ರಾ, ತಿರುಚಿದ್ರಾ?"

"ಒದ್ದರು," ಎಂದೆ.

ಬರೆಯುತ್ತಿದ್ದ ಪೆನ್ನು ನಿಂತಿತು.

ಫ್ರೋಜನ್ ಶೋಲ್ಡರ್, ಹೆಗಲ ಕೀಲು ಬಿಗಿದುಕೊಂಡಿದೆ ಎಂದರು. ಶುಗರ್ ಇದ್ದವರಲ್ಲಿ ಹೆಚ್ಚಂತೆ. ಟೆಸ್ಟ್ ಮಾಡಿಸಿದಾಗ ನನಗೂ ಇತ್ತು. ಮಾತ್ರೆ, ಬಿಸಿ ಶಾಖ, ಗೋಡೆಯ ಮೇಲೆ ಬೆರಳು ಹತ್ತಿಸುವ ಫಿಸಿಯೋಥೆರಪಿ. ತಿಂಗಳುಗಟ್ಟಲೆ ಬೇಕು, ವರ್ಷ ದಾಟಲೂಬಹುದು.

"ಮೊದಲಿನ ಹಾಗೆ ಆಗುತ್ತಾ?"

"ಬಹಳ ಜನಕ್ಕೆ ಆಗುತ್ತೆ. ಬಲವಂತ ಮಾಡ್ಬೇಡಿ. ಹಾಗಂತ ಆಡಿಸದೇ ಇರ್ಬೇಡಿ."

ಮರುದಿನದಿಂದ ಅತ್ತೆ ನನ್ನ ಬ್ಯಾಗಿನ ಸೀಮೆಸುಣ್ಣ ತೆಗೆದು, ಬೆರಳು ಮುಟ್ಟಿದ ಕಡೆ ಗೋಡೆಗೆ ಗೀಟು ಎಳೆಯತೊಡಗಿದರು. ಗೀಟಿನ ಮೇಲೇ ಗೀಟು ಬಿದ್ದ ದಿನಗಳೇ ಹೆಚ್ಚು. ಆ ತಿಂಗಳುಗಳಲ್ಲಿ ಉಂಡೆ, ಪಾಠ ಮಾಡಿದೆ, ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೆದೆ. ಯಾವುದೂ ನನಗೆ ತಾಕಲಿಲ್ಲ. ಬೆಳಗ್ಗೆ ಅತ್ತೆಯ ಮುಂದೆ ತಲೆಯೊಪ್ಪಿಸಿ ಕೂರುವಾಗ ಮಾತ್ರ, ಇನ್ನು ಸಾಯುವವರೆಗೂ ಹೀಗೇ ಏನೋ ಅನ್ನಿಸುತ್ತಿತ್ತು.

ಮೊನ್ನೆ ಕೊಡ ಎತ್ತುವಾಗ ಅತ್ತೆಯ ಸೊಂಟ ಹಿಡಿಯಿತು. ಆಸ್ಪತ್ರೆಗೆ ಹೋಗೋಣ ಎಂದೆ.

"ಹೋಗಾನ. ಮೊದ್ಲು ಒಂದ್ಸಲ ಒದ್ಬುಡು."

ಇಷ್ಟೆಲ್ಲ ಆದ ಮೇಲೂ! ನಗು ಬರುವಂತಾಯಿತು. ಬಾಗಿಲ ಬಳಿ ಬೆನ್ನು ತೋರಿಸಿ ನಿಂತರು. ಒಂಟಿಕಾಲಲ್ಲಿ ಬೀಳದಂತೆ ಬಾಗಿಲುವಾಡ ಹಿಡಿದು, ಮೆಲ್ಲಗೆ ಪಾದ ತಾಗಿಸಿದೆ. ಹೇಗಾಯಿತು ಎಂದು ಹೇಳಲು ತಿರುಗಿದವರು ಬೇರೇನನ್ನೋ ನೋಡುತ್ತಾ ನಿಂತರು.

"ಯಾವ ಕೈಲಿ ಹಿಡ್ಕೊಂಡಿದ್ದೀಯ, ನೋಡ್ಕೊಳಮ್ಮ."

ಬಲಗೈ. ಕಿವಿಗಿಂತ ಮೇಲೆ.

ಆಗ ಅಳು ಬಂತು.

ಕೈ ಇನ್ನೂ ಹಿಂದಕ್ಕೆ ಹೋಗುವುದಿಲ್ಲ. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡ ಅತ್ತೆ ಬೆಳಗ್ಗೆ ಬಾಚಣಿಗೆ ಹಿಡಿದು ಕರೆಯುತ್ತಾರೆ. ಹೋಗಿ ಕೂರುತ್ತೇನೆ.