ಕ್ರೂಸರ್ ಡ್ರೈವರನ ಗೊರಕೆ

2015ರ ಬೇಸಿಗೆ. ಬೀದರಿನಲ್ಲಿ ನನ್ನ ಹಲ್ಲಿನ ದವಾಖಾನೆ ಇತ್ತು. ವಾರಕ್ಕೊಮ್ಮೆ ಭಾಲ್ಕಿಗೆ ಹೋಗಿ ಅಲ್ಲಿಯೂ ಒಂದು ಹೊತ್ತು ಕೂಡುತ್ತಿದ್ದೆ. ಮಳೆ ಕೈಕೊಟ್ಟ ವರ್ಷಗಳವು. ಔರಾದ್ ಕಡೆಯ ಮಂದಿ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೋಗುವುದು ಮೊದಲಿನಿಂದಲೂ ಇದ್ದದ್ದೇ. ಆದರೆ ಆ ವರ್ಷ ಮನೆಗೆ ಮನೆಯೇ ಎದ್ದು ಹೋಗುತ್ತಿತ್ತು. ಕ್ರೂಸರ್ ಗಾಡಿಗಳ ಮೇಲೆ ಹಾಸಿಗೆ, ಕೊಡ, ಸ್ಟೋವು. ಒಳಗೆ ಒಬ್ಬರ ತೊಡೆಯ ಮೇಲೆ ಒಬ್ಬರು. ಹೊರಡುವ ಮುಂಚೆ ಕೆಲವರು ನನ್ನಲ್ಲಿ ಬಂದು, "ಪರಊರಾಗ ನೋವು ಎದ್ರ ಯಾರನ್ ಹುಡುಕೂದ್ರಿ, ಈಗೇ ಕಿತ್ತು ಬಿಡ್ರಿ" ಎಂದು ಹಲ್ಲು ಕೀಳಿಸಿಕೊಂಡೇ ಗಾಡಿ ಹತ್ತುತ್ತಿದ್ದರು.

ಅಂಥ ಒಂದು ಗಾಡಿಯ ಡ್ರೈವರ್ ಸಂಜುಕುಮಾರ. ನಲವತ್ತರ ಆಸುಪಾಸು, ದಪ್ಪ ಕುತ್ತಿಗೆ, ನಗುಮುಖ. ಔರಾದಿನಿಂದ ಹೈದರಾಬಾದಿಗೆ ಜನ ಒಯ್ಯುವುದು, ತರುವುದು ಅವನ ಕೆಲಸ. ಮುರಿದ ದವಡೆ ಹಲ್ಲು ತೋರಿಸಲು ಹೆಂಡತಿ ಜಗದೇವಿ, ತಾಯಿ ಶಾಂತಾಬಾಯಿ ಇಬ್ಬರನ್ನೂ ಕರೆದುಕೊಂಡು ಬಂದಿದ್ದ. ಶಾಂತಾಬಾಯಿ ನನಗೆ ಹಳಬರು. ಹಿಂದಿನ ವರ್ಷವೇ ಅವರಿಗೆ ಪೂರ್ತಿ ಹಲ್ಲಿನ ಸೆಟ್ ಮಾಡಿಕೊಟ್ಟಿದ್ದೆ.

ಇಂಜೆಕ್ಷನ್ ಕೊಟ್ಟು, ಬಾಯಿ ಜೋಮು ಹಿಡಿಯಲಿ ಎಂದು ಸಂಜುಕುಮಾರನನ್ನು ಕುರ್ಚಿಯಲ್ಲೇ ಬಿಟ್ಟು ಕೈ ತೊಳೆಯಲು ಹೋದೆ. ತಿರುಗಿ ಬರುವಷ್ಟರಲ್ಲಿ ಗೊರಕೆ! ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಜನ ಬೆವರುವುದು ನೋಡಿದ್ದೆ, ದೇವರ ಹೆಸರು ಹೇಳುವುದು ನೋಡಿದ್ದೆ. ಮಲಗುವುದನ್ನು ನೋಡಿರಲಿಲ್ಲ.

"ಮೇಡಮ್, ನಮ್ಮ ಕುರ್ಚಿ ಖಾಟ್ ಮಾಡ್ಕೊಂಡಾನ್ರಿ ಇವ" ಎಂದು ನನ್ನ ಸಹಾಯಕಿ ರೆಹಾನಾ ಬಾಯಿಗೆ ಸೆರಗು ಹಿಡಿದಳು. ಶಾಂತಾಬಾಯಿಗಂತೂ ಹೆಮ್ಮೆ. "ಅವರಪ್ಪಂದೂ ಹಿಂಗೇ ಇತ್ರಿ. ದುಡಿಯೋ ಗಂಡಸಿನ ನಿದ್ದಿ."

ನಾನೂ ನಗುತ್ತಲೇ ಇದ್ದೆ. ಗೊರಕೆ ಥಟ್ಟನೆ ನಿಂತಿತು. ಎದೆ ಎದ್ದು ಇಳಿಯುತ್ತಿದೆ, ಮೂಗಿನಲ್ಲಿ ಬಾಯಲ್ಲಿ ಗಾಳಿಯೇ ಇಲ್ಲ. ಕೈ ಹಾಕಿ ಅಲುಗಿಸಬೇಕು ಎನ್ನುವಾಗ ನೀರಿನಿಂದ ಮೇಲೆದ್ದವನಂತೆ ಉಸಿರೆಳೆದುಕೊಂಡು, ಕಣ್ಣು ತೆರೆಯದೆ, ಮತ್ತೆ ಗೊರಕೆ ಶುರು ಮಾಡಿದ.

ಜಗದೇವಿ ಮೆಲ್ಲಗೆ ಹೇಳಿದಳು: "ರಾತ್ರಿಯೆಲ್ಲ ಹಿಂಗೇ ಮೇಡಮ್. ಉಸಿರು ನಿಂತಾಗೆಲ್ಲ ನಾ ಎದ್ದು ಭುಜ ಅಲುಗಸ್ತೇನಿ. ಇವ್ರಿಗಿ ಹೇಳಿದ್ರ ನಗ್ತಾರ."

ಈ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಮಲಗಿದಾಗ ಗಂಟಲು ಸಡಿಲಾಗಿ, ನಾಲಿಗೆ ಹಿಂದಕ್ಕೆ ಜಾರಿ, ಉಸಿರಿನ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಕ್ಸಿಜನ್ ಇಳಿದ ಕೂಡಲೇ ಮೆದುಳು ಮೈಯನ್ನು ಎಬ್ಬಿಸುತ್ತದೆ. ರಾತ್ರಿಯಿಡೀ ಇದೇ ಜಗ್ಗಾಟ. ನೋಡುವವರಿಗೆ ಗಾಢ ನಿದ್ದೆ. ಮಲಗಿದವನಿಗೆ ನಿದ್ದೆಯೇ ಇಲ್ಲ. ಆ ಬಾಕಿ ನಿದ್ದೆ ಹಗಲಿನಲ್ಲಿ ಬಂದು ಹಿಡಿಯುತ್ತದೆ. ಇವನಿಗೆ ಹಗಲೆಂದರೆ ಸ್ಟೇರಿಂಗ್.

ಎಬ್ಬಿಸಿ ಕೇಳಿದೆ: "ಗಾಡಿ ಹೊಡೆಯುವಾಗ ಕಣ್ಣು ಎಳೀತಾವೇನು?"

"ಇಲ್ರಿ ಮೇಡಮ್. ಹಸಿಮೆಣಸಿನಕಾಯಿ ಕಡಕೋತ ಹೊಡೀತೇನಿ."

"ಜನವಾಡದ್ದು ಹೇಳ್ರಿ" ಎಂದಳು ಜಗದೇವಿ.

"ನೀ ಸುಮ್ಮನಿರು."

"ನಾ ಹೇಳ್ತೇನಿ ಹಂಗಾರ. ಜನವಾಡದ ಹತ್ರ ಗಾಡಿ ರೋಡ್ ಬಿಟ್ಟು ಹೊಲಕ್ಕ ಇಳಿದಿತ್ರಿ. ತುಂಬ ಮಂದಿ, ಕೂಸುಗಳು. ಒಂದು ಬೇವಿನ ಗಿಡ ಎದುರು ಇದ್ದಿದ್ರ..."

ಹಲ್ಲಿನ ಕೆಲಸ ಮುಗಿಸಿ ನೇರವಾಗಿ ಹೇಳಿದೆ: "ಇದು ವಾಸಿ ಆಗೋವರೆಗೂ ನೀ ಗಾಡಿ ಮುಟ್ಟಬಾರದು." ಅವನ ಮುಖ ಇಳಿಯಿತು. ಗಾಡಿ ಅವನದಲ್ಲ, ಭಾಲ್ಕಿಯಲ್ಲಿದ್ದ ಅಕ್ಕನ ಗಂಡನದು. "ಮಂದಿ ಹೋಗೋ ಟೈಮಿನ್ಯಾಗೇ ಗಾಡಿಗಿ ಕೆಲಸ್ರಿ. ಚಾವಿ ಒಮ್ಮಿ ಬ್ಯಾರೇರ ಕೈಗಿ ಹೋದ್ರ ತಿರಗಿ ಬರಲ್ಲ" ಎಂದ. ಅವನ ಭಾವನಿಗೆ ನಾನೇ ಫೋನ್ ಹಚ್ಚಿದೆ.

"ಗೊರಕಿಗಿ ಗಾಡಿ ಬಿಡಸಿದ್ದು ನಾ ಇವತ್ತೇ ಕೇಳೀನ್ರಿ ಮೇಡಮ್" ಎಂದು ಆತ ನಕ್ಕ. ಜನವಾಡದ ಸುದ್ದಿ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದೆ. ಆ ಕಡೆ ನಗು ನಿಂತಿತು. "ದಸರಾ ತನಕ ಬ್ಯಾರೆ ಡ್ರೈವರ್ ಇಡ್ತೇನಿ. ಆಮ್ಯಾಲೆ ನನಗ ಕೇಳಬ್ಯಾಡ್ರಿ" ಎಂದ. ಅಲ್ಲಿಯವರೆಗೆ ಸಂಜುಕುಮಾರನಿಗೆ ಭಾಲ್ಕಿಯಲ್ಲಿ ರೈತರ ಕಾಳು ಮಾರಿಕೊಡುವ ಅಡತಿ ಅಂಗಡಿಯಲ್ಲಿ ತೊಗರಿ ತೂಗುವ ಕೆಲಸ ಕೊಡಿಸಿದ.

ಗೊರಕೆ ನೋಡಿ ಕಾಯಿಲೆ ಇಂಥದ್ದೇ ಎಂದು ಹೇಳುವ ಅಧಿಕಾರ ಹಲ್ಲಿನ ಡಾಕ್ಟರಿಗೆ ಇಲ್ಲ. ಹೈದರಾಬಾದಿನ ಶ್ವಾಸಕೋಶ ತಜ್ಞರಲ್ಲಿಗೆ ಕಳಿಸಿದೆ. ಮೈಗೆ ವೈರ್ ಹಚ್ಚಿ ರಾತ್ರಿಯಿಡೀ ಉಸಿರು, ಆಕ್ಸಿಜನ್ ಅಳೆಯುವ ಸ್ಲೀಪ್ ಸ್ಟಡಿ ಆಯಿತು. ಮಧ್ಯಮ ಪ್ರಮಾಣದ ಆಪ್ನಿಯಾ ಎಂದು ವರದಿ ಬಂತು. ಮುಖವಾಡದಿಂದ ಗಾಳಿ ಒತ್ತುವ ಸಿಪ್ಯಾಪ್ ಯಂತ್ರವೇ ಮೊದಲ ಉಪಚಾರ. ಆದರೆ ಊರಲ್ಲಿ ಕರೆಂಟು ಬಂದಾಗ ಬಂತು; ಹೈದರಾಬಾದಿಗೆ ಹೋದರೆ ಇವನು ಮಲಗುವುದು ಗಾಡಿಯ ಸೀಟಿನ ಮೇಲೆ. ಯಂತ್ರದ ಪ್ಲಗ್ ಎಲ್ಲಿ ಹಾಕಬೇಕು? ತಜ್ಞರೂ ನಾನೂ ಮಾತಾಡಿಕೊಂಡು ಬಾಯೊಳಗಿನ ಸಾಧನಕ್ಕೆ ಬಂದೆವು. ಅವರದು ಒಂದೇ ಷರತ್ತು: ಸಾಧನ ಹಾಕಿಕೊಂಡು ಮತ್ತೊಮ್ಮೆ ಸ್ಲೀಪ್ ಸ್ಟಡಿ ಆಗಬೇಕು, ಅದು ಸರಿಯಿದ್ದರೆ ಮಾತ್ರ ಗಾಡಿ.

ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು ಅಕ್ರಿಲಿಕ್ ಪ್ಲೇಟು. ಎರಡೂ ಕೂಡಿ ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿಯುತ್ತವೆ. ದವಡೆಯ ಜೊತೆ ನಾಲಿಗೆಯೂ ಮುಂದೆ ಬರುತ್ತದೆ, ಉಸಿರಿನ ದಾರಿ ತೆರೆಯುತ್ತದೆ. ಬದಿಯ ಸ್ಕ್ರೂ ತಿರುಗಿಸಿ ಸ್ವಲ್ಪ ಸ್ವಲ್ಪವೇ ಮುಂದೆ ತರಬೇಕು. ಹಲ್ಲು, ವಸಡು ಗಟ್ಟಿ ಇರಬೇಕು. ಅವನವು ಕಬ್ಬು ಸಿಗಿಯುವ ಹಲ್ಲು. ಅಳತೆ ತೆಗೆದೆ, ಪ್ಲೇಟು ಮಾಡಿಸಿ ಕೂಡಿಸಿದೆ. ಮಲಗುವಾಗ ಹಾಕಿಕೋ, ಎದ್ದ ಮೇಲೆ ತೊಳೆದಿಡು, ಎರಡು ವಾರಕ್ಕೆ ಬಾ ಎಂದು ಹೇಳಿ ಕಳಿಸಿದೆ.

ಬಂದದ್ದು ತಿಂಗಳು ಕಳೆದ ಮೇಲೆ, ಮೂವರೂ ಕೂಡಿ. ಸಂಜುಕುಮಾರ ದವಡೆ ಹಿಡಿದುಕೊಂಡಿದ್ದ, ಮಾತು ತೊದಲುತ್ತಿತ್ತು. ಏನೂ ಗುಣವಿಲ್ಲ, ಗೊರಕೆ ಇದ್ದಷ್ಟೇ ಇದೆ ಎಂದಳು ಜಗದೇವಿ. ದಸರಾ ಹತ್ತಿರ ಬರುತ್ತಿತ್ತು.

"ಒಂದ್ ದಿನಾನೂ ಬಿಟ್ಟಿಲ್ರಿ ಮೇಡಮ್" ಎಂದು ಬಾಯಿ ತೆರೆದು ತೋರಿಸಿದ. ನಡುಮಧ್ಯಾಹ್ನ, ಪ್ಲೇಟು ಬಾಯಲ್ಲೇ ಇತ್ತು!

"ಈಗ ಯಾಕ ಹಾಕ್ಕೊಂಡೀದಿ? ರಾತ್ರಿ ಏನ್ ಮಾಡ್ತಿ?"

ಅವನು ತಾಯಿಯ ಕಡೆ ನೋಡಿದ.

"ರಾತ್ರಿ ಗಿಲಾಸಿನ್ಯಾಗ ಇರ್ತದ್ರಿ" ಎಂದರು ಶಾಂತಾಬಾಯಿ. "ನನ್ನ ಸೆಟ್ಟಿನ ಬಾಜೂಕ ನಾನೇ ಇಡ್ತೇನಿ."

"ಯಾರು ಹೇಳಿದ್ರವ್ವಾ ಹಂಗ ಅಂತ?"

"ನೀವೇ ಹೇಳೀರಲ್ರಿ ತಾಯಿ! ನನ್ನ ಸೆಟ್ ಕೊಡುವಾಗ ಏನಂದ್ರಿ? ಮಲಗುವಾಗ ತೆಗಿ, ನೀರಾಗ ಇಡು, ಮರೀಬ್ಯಾಡ ಅಂದ್ರಿ. ಟ್ಯಾಂಕರ್ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಅದರಾಗೂ ಎರಡು ಗಿಲಾಸ್ ತಪ್ಪಿಸಿಲ್ಲ ನಾ."

"ರಾತ್ರಿ ಹಾಕ್ಕೋ ಅಂದಾರ ಅಂತ ನಾ ಹೇಳ್ದೆ ಮೇಡಮ್" ಎಂದ ಮಗ. "ನಿನಕಿಂತ ಮೊದಲು ಸೆಟ್ ಹಾಕ್ಕೊಂಡಾಕಿ ನಾನು, ನನಗ ಕಲಸ್ತೀ ಏನು ಅಂದ್ಲು ಅವ್ವ."

"ಅಡತಿಯಾಗ ಇವ್ರು ಮಾತಾಡಿದ್ರ ಎಲ್ರೂ ನಗ್ತಾರ್ರಿ" ಎಂದು ಜಗದೇವಿ ಸೇರಿಸಿದಳು. ರೆಹಾನಾ ಒಳಕೋಣೆಗೆ ಓಡಿದಳು. ಅವಳ ನಗು ಹೊರಗೂ ಕೇಳಿಸಿತು.

ಶಾಂತಾಬಾಯಿ ನಗಲಿಲ್ಲ. "ನಿದ್ದಿಯಾಗ ನುಂಗಿದ್ರ? ನನಗ ಇರೋನು ಒಬ್ಬನೇ ಮಗ" ಎಂದರು. ಅಡ್ಡಿಯೆಲ್ಲ ಆ ಹೆದರಿಕೆಯಲ್ಲಿತ್ತು. ಅದನ್ನು ಮಾತಿನಿಂದ ತೆಗೆಯಲು ಆಗುವುದಿಲ್ಲ ಎಂದು ತಿಳಿದು ಅವರನ್ನೇ ಕುರ್ಚಿಗೆ ಕರೆದೆ. "ಮಗನ ಪ್ಲೇಟು ಎಳೆದು ನೋಡ್ರಿ." ಎಳೆದರು. ಹಲ್ಲಿಗೆ ಕಚ್ಚಿ ಕುಂತ ಪ್ಲೇಟು ಅಲುಗಲಿಲ್ಲ. "ಈಗ ನೀವು ಗೊರಕಿ ಹೊಡೀರಿ."

"ಹಗಲಾಗ?"

"ಹೊಡೀರಿ, ನೋಡೂಣು."

ಕಣ್ಣು ಮುಚ್ಚಿ ಜೋರಾಗಿಯೇ ಹೊಡೆದರು. "ಈಗ ಕೆಳಗಿನ ದವಡಿ ಮುಂದ ಮಾಡಿ ಹೊಡೀರಿ." ದವಡೆ ಮುಂದೆ ಚಾಚಿ ಎಳೆದರು, ಇನ್ನೊಮ್ಮೆ ಎಳೆದರು. ಬರೀ ಗಾಳಿ ಹೋಯಿತು.

"ಅರೇ, ಬರವಲ್ದು!" ಎಂದು ಎದ್ದು ಕೂತರು. ಸೊಸೆಯ ಕಡೆ ತಿರುಗಿ, "ನೀನೂ ಮಾಡಿ ನೋಡ" ಎಂದರು.

ಅಂದಿನಿಂದ ಆ ಮನೆಯಲ್ಲಿ ನನ್ನ ಪರವಾದ ಅಧಿಕಾರಿ ಶಾಂತಾಬಾಯಿಯೇ. ತಮ್ಮ ಸೆಟ್ ತೆಗೆದಿಟ್ಟು, ಮಗನ ಬಾಯಲ್ಲಿ ಪ್ಲೇಟು ಕೂತದ್ದು ಕಣ್ಣಾರೆ ಕಂಡ ಮೇಲೆಯೇ ತಾವು ಮಲಗುತ್ತಿದ್ದರು. ಹಗಲಿನ ವಿಶ್ರಾಂತಿ ಸಿಕ್ಕು ದವಡೆ ನೋವು ಇಳಿಯಿತು. ಸ್ಕ್ರೂ ತಿರುಗಿಸುತ್ತಾ ಬಂದೆ. ಗೊರಕೆ ತಗ್ಗಿತು, ಉಸಿರು ನಿಲ್ಲುವುದು ಕಡಿಮೆಯಾಯಿತು. ಮಧ್ಯಾಹ್ನ ತಕ್ಕಡಿ ಮುಂದೆ ತೂಕಡಿಸುವುದು ಬಿಟ್ಟಿದ್ದಾನೆ ಎಂದು ಭಾವನೇ ಫೋನ್ ಮಾಡಿ ಹೇಳಿದ. ದಸರೆಗೆ ಮುಂಚೆ ಎರಡನೆಯ ಸ್ಲೀಪ್ ಸ್ಟಡಿ ಆಯಿತು. ವರದಿ ಹಿಡಿದ ತಜ್ಞರು, ಪ್ಲೇಟು ತಪ್ಪಿಸದಿದ್ದರೆ ಗಾಡಿ ನಡೆಸಬಹುದು ಎಂದು ಬರೆದುಕೊಟ್ಟರು. ಭಾವ ಚಾವಿ ಕೊಟ್ಟ.

ಈ ಪ್ರಕರಣದಿಂದ ನಾನು ಕಲಿತದ್ದನ್ನು ಇಂದಿಗೂ ಬಿಟ್ಟಿಲ್ಲ. ನಾವು ಕೊಟ್ಟ ಉಪಚಾರ ಮನೆಗೆ ಹೋದ ಮೇಲೆ ಅಲ್ಲಿ ಇನ್ನೊಬ್ಬ ಹಿರಿಯ ಡಾಕ್ಟರ್ ಇರುತ್ತಾರೆ. ಅವ್ವ, ಅತ್ತೆ, ದೊಡ್ಡಪ್ಪ, ಯಾರೋ ಒಬ್ಬರು. ಅವರು ಒಪ್ಪದೆ ಏನೂ ನಡೆಯುವುದಿಲ್ಲ. ಬಾಯಿಗೆ ಯಾವುದೇ ಸಾಧನ ಕೊಡುವ ಮುಂಚೆ ನಾನು ಕೇಳುವುದು, "ಮನ್ಯಾಗ ಯಾರ ಮಾತು ನಡೀತದ? ಅವರನ್ನ ಕರಕೊಂಡು ಬರ್ರಿ." ಬಂದವರಿಗೆ ಹೇಳಿ ಕೈಬಿಡುವುದಿಲ್ಲ, ಅವರ ಕೈಯಿಂದಲೇ ಮಾಡಿಸಿ ನೋಡುತ್ತೇನೆ.

ದಸರಾ ಮುಗಿದ ಮೇಲಿನ ಮೊದಲ ಟ್ರಿಪ್ಪಿಗೆ ಜಗದೇವಿಯೂ ಹೊರಟಳು. ವರದಿಯನ್ನು ಡಾಕ್ಟರ್ ನಂಬಿದರು, ನಾನು ನಂಬಿದೆ. ಅವಳಿಗೆ ಮಾತ್ರ ಕಣ್ಣಾರೆ ನೋಡಬೇಕಿತ್ತು. ಡ್ರೈವರನ ಬಾಜೂ ಸೀಟಿನಲ್ಲಿ ಕೂತು, ಗಂಡನ ರೆಪ್ಪೆ ಕೆಳಗಿಳಿದರೆ ಭುಜ ಹಿಡಿದು ಅಲುಗಿಸುತ್ತೇನೆ ಎಂದು ನನಗೆ ಹೇಳಿಯೇ ಗಾಡಿ ಹತ್ತಿದ್ದಳು.

ಮುಂದಿನ ವಾರ ಸಂಜುಕುಮಾರ ಪ್ಲೇಟು ತೋರಿಸಲು ಬಂದಾಗ ಕೇಳಿದೆ, ಹೆಂಡತಿ ಹೆಂಗ ಕಾವಲು ಕಾದಳು ಎಂದು. ನಕ್ಕುಬಿಟ್ಟ.

"ಬೀದರ್ ದಾಟೂ ತನಕ ನನ್ನ ಮಾರಿನೇ ನೋಡ್ಕೋತ ಕುಂತಿದ್ಲ್ರಿ ಮೇಡಮ್. ಆಮ್ಯಾಲೆ ಕಿಟಕಿಗಿ ತಲಿ ಹಚ್ಚಿದಾಕಿ, ಹೈದರಾಬಾದ್ ಬರೂ ತನಕ ಕಣ್ಣೇ ತೆಗೀಲಿಲ್ಲ. ಎಷ್ಟು ವರ್ಷದ್ದು ಬಾಕಿ ಇತ್ತೋ ಏನೋ. ಎಬ್ಬಸಾಕ ಮನಸ್ಸಾಗಲಿಲ್ರಿ, ಮಂದಿ ಎಲ್ಲ ಇಳಿಯೂ ತನಕ ಹಂಗೇ ಬಿಟ್ಟೆ."