ಷೇರು ನನ್ನವು, ನಾಮಿನಿ ಅವರ ಮಗ

ನಮ್ಮ ಮನೆಯಲ್ಲಿ ದುಡಿಯುವವರು ಎಲ್ಲರೂ, ಖರ್ಚು ಮಾಡುವವರು ಒಬ್ಬರೇ. ಅವರು ನನ್ನ ಗಂಡನ ಅಣ್ಣ. ಕಲಬುರಗಿ ಕಡೆಯಿಂದ ಮರಾಠಿ ಸೀಮೆಗೆ ಬಂದು ಪಿಂಪಳಗಾಂವ್ ಬಸವಂತ್‌ನಲ್ಲಿ ದ್ರಾಕ್ಷಿ ವ್ಯಾಪಾರಕ್ಕೆ ನಿಂತವರು. ನಾವಿರುವುದು ಅಲ್ಲಿಂದ ಕೆಲವು ತಾಸಿನ ದಾರಿಯ ಸಂಭಾಜಿನಗರದಲ್ಲಿ. ನಾನು ಚಿಕಲಠಾಣಾದ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದೇನೆ, ಗಂಡನಿಗೆ ಟೈರ್ ಅಂಗಡಿಯಲ್ಲಿ ಕೆಲಸ. ಪಗಾರ ಬಿದ್ದ ದಿನವೇ ಇಬ್ಬರ ದುಡ್ಡೂ ಭಾವನ ಖಾತೆಗೆ ಹೋಗಬೇಕು. ಮಗಳ ಶಾಲೆಯ ಫೀಸಿನಿಂದ ಹಿಡಿದು ನನ್ನ ಚಪ್ಪಲಿಯವರೆಗೆ ಎಲ್ಲ ಅಲ್ಲಿಂದಲೇ ತಿರುಗಿ ಬರಬೇಕು. ಮನೆ ಒಡೆಯಬಾರದು ಅಂತ ಮಾವ ಸಾಯುವಾಗ ಹಾಕಿಕೊಟ್ಟ ಪದ್ಧತಿಯಂತೆ ಅದು. ವಿಮೆ ಇರಲಿ, ಬ್ಯಾಂಕ್ ಇರಲಿ, ನಾಮಿನಿ ಅಂದರೆ ಭಾವನ ಮಗ. ಹೆಣ್ಣು ಹುಟ್ಟಿದ್ದು ಹೋಗುವುದಕ್ಕೆ, ಅವಳ ಹೆಸರು ಯಾಕೆ ಬರೆಯಬೇಕು?

ಕಂಪನಿ ಹಳೆಯ ನೌಕರರಿಗೆ ಅಗ್ಗದ ದರದಲ್ಲಿ ಷೇರು ಕೊಡುತ್ತೇನೆಂದಿತ್ತು. ವರ್ಷಗಟ್ಟಲೆ ಕಾದು, ತವರಿನವರು ಹಾಕಿದ ಬಳೆ ಮಾರಿ ತೆಗೆದುಕೊಂಡೆ. ಷೇರು ಮಾರದಿದ್ದರೂ ತೆರಿಗೆ ತಪ್ಪುವುದಿಲ್ಲ. ಪೇಟೆಯ ದರಕ್ಕೂ ನಾವು ಕೊಟ್ಟ ದರಕ್ಕೂ ಇರುವ ಅಂತರವನ್ನು ಸಂಬಳವೆಂದೇ ಹಿಡಿದು, ಆ ತಿಂಗಳ ಪಗಾರದಲ್ಲೇ ಮುರಿದುಕೊಳ್ಳುತ್ತಾರೆ. ನನ್ನ ಕೈಗೆ ಉಳಿದದ್ದು ಪುಡಿಗಾಸು. ಅದನ್ನೇ ಭಾವನಿಗೆ ಕಳಿಸಿದೆ. ಭಾನುವಾರ ಮಗಳೂ ಸೇರಿ ನಮ್ಮ ಮೂವರನ್ನೂ ಪಿಂಪಳಗಾಂವ್‌ಗೆ ಕರೆಸಿಕೊಂಡರು.

ಮನೆಯ ಹಿಂದಿನ ಶೆಡ್ಡಿನಲ್ಲಿ ದ್ರಾಕ್ಷಿ ಕ್ರೇಟುಗಳ ನಡುವೆ ನಿಲ್ಲಿಸಿ ಕೇಳಿದರು, "ಪಗಾರ ಎಲ್ಲಿ ಹೋಯ್ತವಾ? ತವರಮನಿಗಿ ಹಾಕ್ದೇನು?"

"ಇಲ್ರಿ ಭಾವಾರ, ಷೇರು ತಗೊಂಡೀನ್ರಿ. ಟ್ಯಾಕ್ಸ್ ಕಟ್ ಆಗ್ಯಾದ್ರಿ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆ. ಅವರಿಗೆ ತಿಳಿದದ್ದು ಒಂದೇ ಮಾತು. ಷೇರು ನನ್ನ ಹೆಸರಿನಲ್ಲಿವೆ.

"ನಾಮಿನಿ ನನ್ನ ಮಗನ ಹೆಸರ ಹಾಕ್ದಿ ಹೌದಿಲ್ಲೋ?"

ಹೌದು, ಕಂಪನಿ ಸೇರಿದಾಗ ಗಂಡ ಅದನ್ನೇ ಬರೆಸಿದ್ದ. "ಇಷ್ಟು ದಿನ ಅವನ ಹೆಸರೇ ಇತ್ತ್ರಿ. ನಾಳಿಗಿ ತೆಗಸ್ತೀನ್ರಿ," ಅಂದೆ. "ನನ್ನ ಮಗಳ ಹೆಸರು ಹಾಕ್ತೀನಿ."

ಭಾವ ನನ್ನನ್ನು ಮುಟ್ಟಲಿಲ್ಲ. ತಮ್ಮನ ಹೆಂಡತಿಯನ್ನು ಮುಟ್ಟುವುದಿಲ್ಲವಂತೆ, ಎಂಥ ಮರ್ಯಾದಸ್ಥರು! ತಮ್ಮನ ಕಡೆ ತಿರುಗಿ, "ಗಂಡಸಾಗಿದ್ರ ನಿನ್ನ ಹೇಂತಿ ಬಾಯಿ ಮುಚ್ಚಸು," ಅಂದರು. ನನ್ನ ಗಂಡ ಕೂಡಲೇ ಗಂಡಸಾದ. ಮೊದಲ ಏಟು ಕಿವಿಗೆ ಬಿತ್ತು, ಒಳಗೆ ಏನೋ ಹರಿದಂತಾಗಿ ಒಂದು ಕಡೆ ಜಗತ್ತಿನ ಸದ್ದೇ ಬಂದ್ ಆಯಿತು. ಎರಡನೆಯದಕ್ಕೆ ತುಟಿ ಒಡೆಯಿತು. ನಾನು ಅವನ ಕೈ ಕಚ್ಚಿದೆ. ಆಗ ಭಾವ, "ಹಿಡಿ ಅಕೀನ್ನ," ಅಂತ ತನ್ನ ಹೆಂಡತಿಗೆ ಕೂಗಿದರು. ನನ್ನ ನೆಗೆಣ್ಣಿ ಹಿಂದಿನಿಂದ ಬಂದು ನನ್ನ ಎರಡೂ ರಟ್ಟೆ ಹಿಡಿದಳು. ಗಂಡ ಹೊಟ್ಟೆಗೆ ಒದ್ದ. ಬಾಗಿಲಲ್ಲಿ ನಿಂತ ಮಗಳು, "ಪಪ್ಪಾ, ನಕೋ! ನಕೋ!" ಅಂತ ಮರಾಠಿಯಲ್ಲಿ ಬೇಡ ಬೇಡವೆಂದು ಚೀರುತ್ತಿದ್ದಳು. ಭಾವ ಅವಳ ಜಡೆ ಹಿಡಿದು ಆಚೆ ಎಸೆದರು.

ತಮ್ಮನ ಹೆಂಡತಿಯನ್ನು ಮುಟ್ಟದವರು ತಮ್ಮನ ಮಗಳನ್ನು ಎಸೆದರು. ನಾನು ಹೇಗೆ ಬಿಡಿಸಿಕೊಂಡೆನೋ ಗೊತ್ತಿಲ್ಲ. ಕ್ರೇಟಿನ ಮೇಲೆ ದ್ರಾಕ್ಷಿ ಗೊನೆ ಕತ್ತರಿಸುವ ಚೂಪು ಕತ್ತರಿ ಇತ್ತು. ಅದನ್ನೆತ್ತಿ ಭಾವನ ಮುಂಗೈಗೆ ಇರಿದೆ. ಇನ್ನೊಂದು ಸಲ ಇರಿಯುವಷ್ಟರಲ್ಲಿ ಗಂಡ ಕತ್ತರಿ ಕಿತ್ತುಕೊಂಡ. ರಕ್ತ ಕಂಡು ನನಗೆ ಹೆದರಿಕೆಯಾಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಮಗಳ ಕೈ ಹಿಡಿದು ಹೆದ್ದಾರಿಗೆ ಬಂದು ಸಿಕ್ಕ ಬಸ್ಸು ಹತ್ತಿ ಸಂಭಾಜಿನಗರಕ್ಕೆ ಮರಳಿದೆ. ಗಂಡ ಅಣ್ಣನ ಹತ್ತಿರವೇ ಉಳಿದ.

ನಾಮಿನಿಯನ್ನು ಮರುದಿನವೇ ಬದಲಿಸಿದೆ. ಅಷ್ಟಕ್ಕೇ ಮುಗಿಯಲಿಲ್ಲ. ನಾಮಿನಿ ಅಂದರೆ ಷೇರು ಕೈಗೆ ತೆಗೆದುಕೊಳ್ಳುವವರು ಮಾತ್ರ, ವಾರಸುದಾರರಲ್ಲ ಎಂದು ವಕೀಲರು ತಿಳಿಸಿದರು. ವಿಲ್ ಬರೆಯದೆ ನಾನು ಸತ್ತರೆ ಮಗಳಿಗೆ ಅರ್ಧ, ಗಂಡನಿಗೆ ಅರ್ಧ. ಗಂಡನ ಅರ್ಧ ಯಾರ ಬಾಯಿಗೆ ಹೋಗುತ್ತದೆ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಎಲ್ಲವೂ ಮಗಳಿಗೆ ಎಂದು ವಿಲ್ ಬರೆಸಿದೆ. ಅದಕ್ಕೆ ಇಬ್ಬರು ಸಾಕ್ಷಿ ಬೇಕು. ಆಫೀಸಿನ ಗೆಳತಿಯೊಬ್ಬಳು ಒಪ್ಪಿದಳು. ಇನ್ನೊಬ್ಬರು ಸಿಗಲಿಲ್ಲ. ನಮ್ಮ ಕಡೆಯ ಜನರೆಲ್ಲ, "ಮನಿ ಜಗಳದಾಗ ನಾವ್ಯಾಕ ಬರೋಣ್ರಿ," ಅಂದರು. ಶ್ರಾವಣ ಸೋಮವಾರ ಊಟಕ್ಕೆ ಕರೆದರೆ ಇದೇ ಜನ ಸಾಲುಗಟ್ಟಿ ಬರುತ್ತಾರೆ.

ಆಗಲೇ ನೆಗೆಣ್ಣಿ ಫೋನ್ ಮಾಡಿದಳು. ಕಿವಿ ಹೇಗಿದೆ ಅಂದಳು. ನಾನು ಬಾಯಿಗೆ ಬಂದಂತೆ ಬೈದೆ. ಹಿಡಿದುಕೊಂಡು ಹೊಡೆಸಿದವಳು ಈಗ ಕಿವಿಯ ಸುದ್ದಿ ಕೇಳುತ್ತಾಳೆ, ಸಾಕ್ಷಿಗೊಬ್ಬರು ಸಿಗದೆ ನನ್ನ ಮಗಳ ಪಾಲು ಮುಳುಗುತ್ತಿದೆ ಅಂತ ಕೂಗಿದೆ. ಅವಳು ಎಲ್ಲ ಕೇಳಿಸಿಕೊಂಡು, "ವಕೀಲರು ಎಲ್ಲಿರ್ತಾರ?" ಅಂದಳು.

ಮರುದಿನ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಹೆಂಗಸರ ಅರ್ಧ ಟಿಕೆಟ್ ತೆಗೆದುಕೊಂಡು ಒಬ್ಬಳೇ ವಕೀಲರ ಕಚೇರಿಗೆ ಬಂದಳು. ಕತ್ತಿನ ಮೇಲೆ ಹೊಸ ಬಾಸುಂಡೆ ಇತ್ತು. ನಾನು ಸಹಿ ಮಾಡಿದ್ದನ್ನು ನೋಡಿ ತಾನೂ ಕನ್ನಡದಲ್ಲಿ, ಶಾಲೆಯ ಹುಡುಗಿಯಂತೆ ದುಂಡಗೆ ಸಹಿ ಮಾಡಿದಳು. ಇಲ್ಲೇ ಉಳಿಯಿರಿ ಅಕ್ಕಾರ ಅಂತ ಕೈ ಹಿಡಿದೆ. ಮಗ ಅಲ್ಲಿದ್ದಾನೆ ಅಂತ ಹೊರಟುಹೋದಳು. ಭಾವ ಕೇಳಿದರೆ ಸುಳ್ಳು ಹೇಳಿರಿ ಅಂದಿದ್ದೆ, ಹೇಳಲಿಲ್ಲವಂತೆ; ಸಹಿ ಹಾಕಿ ಬಂದೆ ಅಂತಲೇ ಅಂದಳಂತೆ.

ವಾರದ ಮೇಲೆ ಮತ್ತೆ ಫೋನ್ ಬಂತು. ಅಳುತ್ತಾಳೆ ಅಂದುಕೊಂಡೆ.

"ತಂಗಿ, ಅಂವ ನನ್ನ ಬಲಗೈ ಬೆರಳ ಮುರದಾನ. ಡಾಕ್ಟರ್ ಪಟ್ಟಿ ಹಾಕ್ಯಾರ," ಅಂದಳು. "ಮತ್ತೊಂದು ಕಾಗದ ಬರಸೋದಿದ್ರ ಈಗೇ ಹೇಳು. ಎಡಗೈಲೆ ರೂಢಿ ಮಾಡ್ಕೊಳಕತ್ತೀನಿ."