ಸ್ಪೀಕರ್ ಪರೀಕ್ಷೆಗೆ ಅಪ್ಪಯ್ಯನ ಕೃಷ್ಣ

ಗೆಳೆಯರೇ, ಇವತ್ತು ಸಾಗರದ ರೇಡಿಯೋ ಅಂಗಡಿಗೆ ಅಪ್ಪಯ್ಯ, ಅಮ್ಮನ ಜೊತೆ ಸ್ಪೀಕರ್ ನೋಡಲು ಹೋಗಿದ್ದೆ. ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಚಿಕ್ಕ ಜೋಡಿ ಸ್ಪೀಕರ್. ಆಂಪ್ಲಿಫೈಯರ್ ಒಳಗೇ ಇದೆ.

"ದನಿ ಹೊರಡೋ ಈ ಒಂದೇ ಕೋನ್‌ನಲ್ಲಿ ಮದ್ದಳೆ, ತಾಳ ಎಲ್ಲ ಕೇಳತ್ತೆ ಭಟ್ರೇ" ಎಂದರು ಅಂಗಡಿಯವರು.

ಅಪ್ಪಯ್ಯ ನಮ್ಮ ಜಗಲಿಯಲ್ಲಿ ನಡೆದ ತಾಳಮದ್ದಳೆಯ ಕ್ಯಾಸೆಟ್ ಕೊಟ್ಟರು. ಅದರಲ್ಲಿ ಕೃಷ್ಣನ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳಿದವರು ಅವರೇ. ಅದನ್ನು ಸ್ಪಷ್ಟವಾಗಿ ಕೇಳಬೇಕೆಂಬುದು ಅವರ ಬಹುದಿನದ ಆಸೆ.

ಕೃಷ್ಣ ಸಂಧಾನದ ಮಾತಿಗೆ ತೊಡಗಿದ. ಕ್ಯಾಸೆಟ್ಟಿನ ಹಿನ್ನೆಲೆಯಿಂದ, ಮನೆಯ ಟೇಪ್ ರೆಕಾರ್ಡರಿನಲ್ಲಿ ಎಂದೂ ಕೇಳಿಸದ ಅಮ್ಮನ ದನಿ ಬಂತು: "ಇವರ ಕೃಷ್ಣ ಮುಗಿಯದ್ರೊಳಗೆ ಅನ್ನ ಆರಿ ಹೋಗ್ತು."

ಅಂಗಡಿಯವರು ಬೇರೆ ಕಡೆ ನೋಡಿದರು.

"ಎಂತಕ್ಕೆ ಇದು? ಮನೆದೇ ಸಾಕು" ಎಂದರು ಅಪ್ಪಯ್ಯ.

ಅಮ್ಮ ಬಿಡಲಿಲ್ಲ. "ತಗಳಿ. ಇದ್ರಲ್ಲಾದ್ರೂ ಎನ್ನ ಮಾತು ಕೇಳ್ತು."

ಸ್ಪೀಕರ್ ಮನೆಗೆ ಬಂದಿದೆ. ಸದ್ಯಕ್ಕೆ ಅಪ್ಪಯ್ಯ ಅದರಲ್ಲಿ ಕೇಳುವುದು ರೇಡಿಯೋ ವಾರ್ತೆ ಮಾತ್ರ.